ರಿಸೆಪ್ಶನ್ನಿನವರ ಪಾದ ಅಳೆದ ದಿನಗಳು

ಸಾಂತಾಕ್ರೂಜ್‌ನ ಒಂದು ಹೋಟೆಲಿನ ರಿಸೆಪ್ಶನ್ನಿನಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಡೀ ಶಿಫ್ಟು ನಿಂತೇ ಇರಬೇಕು. ಗಂಡಸರಿಗೆ ಚಪ್ಪಟೆ ಬೂಟು, ನಮಗೆ ಎರಡಿಂಚಿನ ಹೀಲ್ಸು. ಕಳೆದ ವರ್ಷ ಒಂದು ಬೆಳಿಗ್ಗೆ ಮ್ಯಾನೇಜರು ಎಲ್ಲರನ್ನೂ ಕರೆದರು. ವಿಲೆ ಪಾರ್ಲೆಯಿಂದ ಫಿಸಿಯೋಥೆರಪಿ ಓದುವ ಹುಡುಗಿ ಬಂದು ನಿಮ್ಮ ಬೂಟಿನೊಳಗೆ ಸೆನ್ಸರ್ ಇಡುತ್ತಾಳೆ, ಹೆಂಗಸರ ಪಾದದಲ್ಲಿ ಭಾರ ಎಲ್ಲಿ ಬೀಳುತ್ತದೆ, ಗಂಡಸರದ್ದು ಎಲ್ಲಿ ಅಂತ ನೋಡುತ್ತಾಳೆ, ಮೂರು ದಿನ ಅಷ್ಟೇ ಎಂದರು.

ಈ ಮನುಷ್ಯನಿಗೆ ನಮ್ಮ ಪಾದದ ಚಿಂತೆ ಯಾವಾಗಿಂದ ಶುರುವಾಯಿತು ಎಂದುಕೊಂಡೆ. ಹಿಂದಿನ ತಿಂಗಳಷ್ಟೇ, ಚಾದರ ಇಡುವ ಲಿನನ್ ರೂಮಿನಲ್ಲಿ ಕೂತಿದ್ದಳೆಂದು ನನ್ನ ಜೊತೆಯವಳೊಬ್ಬಳನ್ನು ಕೆಲಸದಿಂದ ತೆಗೆದಿದ್ದರು. ನಾನೂ ದಿನಕ್ಕೆ ಮೂರ್ನಾಲ್ಕು ಸಲ ಅಲ್ಲೇ ಕೂರುತ್ತಿದ್ದೆ. ಮುಂಗಾಲು ಅಷ್ಟು ಉರಿಯುತ್ತಿತ್ತು.

ಹುಡುಗಿ ಬಂದು ಬೂಟಿನೊಳಗೆ ತೆಳ್ಳಗಿನ ಹಾಳೆ ಹಾಸಿ, ಅದರ ವೈರನ್ನು ಸೊಂಟದ ಪುಟ್ಟ ಬಾಕ್ಸಿಗೆ ಜೋಡಿಸಿದಳು. ಅವಳ ಮನೆಯವರು ಧಾರವಾಡದವರಂತೆ. ಕನ್ನಡ ತಡವರಿಸುತ್ತಿತ್ತು.

"ಕುಂತ್ರೂ ಇದಕ್ಕ ಗೊತ್ತಾಗ್ತದೇನು?" ಎಂದೆ.

"ಹಾಂ ಆಂಟಿ. ಕುಂತ್ರ ಪ್ರೆಶರ್ ಕಮ್ಮಿ ಆಗ್ತೈತಿ."

ಅಷ್ಟು ಸಾಕಾಯಿತು. ಬಾಗಿಲಲ್ಲಿ ನಿಲ್ಲುವ, ಮಂಡ್ಯ ಕಡೆಯ ಡೋರ್‌ಮ್ಯಾನ್ ಅಣ್ಣನ ಹತ್ತಿರ ನನ್ನ ಹೆದರಿಕೆ ಹೇಳಿಕೊಂಡೆ. ಅವರು ಕೂರುವುದನ್ನು ನಾನು ನೋಡಿಯೇ ಇರಲಿಲ್ಲ.

"ಕೊಡವ್ವ ನಿನ್ ಬಾಕ್ಸ್ ಇತ್ಲಾಗೆ. ಮುಂದಿನ್ ತಿಂಗ್ಳು ನಾನು ರಿಟೈರಾಯ್ತೀನಿ. ಕುಂತಿದ್ದೆ ಅಂತ ನನ್ನೇನ್ ಮಾಡಾರು?" ಎಂದರು.

ಮೂರು ದಿನವೂ ಹುಡುಗಿ ಆಚೆ ಹೋದ ಕೂಡಲೇ ವೈರು ಬಿಚ್ಚಿ ನಮ್ಮ ಬಾಕ್ಸುಗಳನ್ನು ಅದಲುಬದಲು ಮಾಡಿಕೊಂಡೆವು.

ಆ ಭಾನುವಾರ ಹುಡುಗಿ ಫೋನ್ ಮಾಡಿ, ವಿಳಾಸ ಕೇಳಿಕೊಂಡು ಸಯನ್ನಿನ ನಮ್ಮ ಮನೆಗೇ ಬಂದಳು. ಚಹಾ ಕೊಟ್ಟರೂ ಮುಟ್ಟಲಿಲ್ಲ.

"ಗೇಟ್‌ವಾಲೆ ಅಂಕಲ್ ತೊಂಬತ್ತು ಕಿಲೋ ಅದಾರ. ಅವರ ಬಾಕ್ಸಿನ್ಯಾಗ ಐವತ್ತೈದು ಬಂದೈತಿ. ತೊಂಬತ್ತು ನಿಮ್ಮದರಾಗ ಐತಿ. ಹೀಲ್ಸ್ ಹಾಕಿದಂಗ ಅವರ ಭಾರೆಲ್ಲ ಮುಂದ ಬಿದ್ದೈತಿ. ಕೈಸೆ, ಇದು ಹೆಂಗ ಆಂಟಿ?"

ತೂಕದ ಮಾತು ನನ್ನ ತಲೆಗೇ ಹೊಳೆದಿರಲಿಲ್ಲ. "ಮ್ಯಾನೇಜರ್ ಕಳಿಸ್ಯಾರೇನು ನಿನ್ನ?" ಎಂದು ಕೇಳಿದೆ.

ಅವಳ ಕಣ್ಣು ತುಂಬಿತು. "ಯಾರಿಗೂ ಹೇಳಿಲ್ರಿ. ನನ್ನ ಪ್ರಾಜೆಕ್ಟೇ ಹೋಗ್ತೈತಿ."

ನಾಚಿಕೆಯಾಯಿತು. ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವಳು, "ಯಾರು ಎಷ್ಟು ಹೊತ್ತು ಕುಂತ್ರು ಅಂತ ನಿಮ್ಮ ಮ್ಯಾನೇಜರ್ ಸರ್ ಕೇಳಿದ್ರು. ನಮ್ಮ ಕಾಲೇಜಿನ ಮ್ಯಾಡಮ್ ಆಗೂದಿಲ್ಲ ಅಂದ್ರು. ಹೆಂಗಸರದು ಒಟ್ಟಿಗೆ, ಗಂಡಸರದು ಒಟ್ಟಿಗೆ, ಅಷ್ಟೇ ಕೊಡೂದು. ಹೆಸರಿಲ್ಲ," ಎಂದಳು.

ಅಂದರೆ ನನ್ನ ಅನುಮಾನ ಸುಳ್ಳಾಗಿರಲಿಲ್ಲ. ಆದರೆ ಅನುಮಾನಪಡಬೇಕಾದದ್ದು ಈ ಹುಡುಗಿಯ ಮೇಲಲ್ಲ. ಹಾಗಿದ್ದರೂ ಹೆಸರು ಕೊಡುವುದಿಲ್ಲ ಎಂಬ ಮಾತನ್ನು ಅವಳ ಬಾಯಲ್ಲಿ ಎರಡು ಸಲ ಹೇಳಿಸಿದೆ.

ತನ್ನ ಮ್ಯಾಡಮ್ಮಿಗೆ ನಿಜ ತಿಳಿಸಿ, ಅವಳು ನನ್ನನ್ನೂ ಡೋರ್‌ಮ್ಯಾನ್ ಅಣ್ಣನನ್ನೂ ಮತ್ತೆ ಅಳೆದಳು. ಈ ಸಲ ಒಂದು ದಿನ ಹೆಂಗಸರೆಲ್ಲ ಚಪ್ಪಟೆ ಬೂಟು ಹಾಕಲು ಅನುಮತಿಯನ್ನೂ ತಂದಳು. ಇಲ್ಲದಿದ್ದರೆ ವ್ಯತ್ಯಾಸ ಹೆಣ್ಣು ಪಾದದ್ದೋ ಹೀಲ್ಸಿನದ್ದೋ ಅಂತ ತಿಳಿಯುವುದಿಲ್ಲವಂತೆ. ಮೊದಲ ದಿನವೇ ನನ್ನ ಬಾಕ್ಸು ಸೊಂಟದಲ್ಲಿದ್ದಂತೆಯೇ ಹೋಗಿ ಚಾದರಗಳ ಮೇಲೆ ಕೂತೆ.

ಎರಡು ತಿಂಗಳಿಗೆ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬಂತು. ಹೀಲ್ಸಿನಲ್ಲಿ ನಮ್ಮ ಭಾರ ಬೆರಳುಗಳ ಬುಡಕ್ಕೆ ನುಗ್ಗುತ್ತಿತ್ತು. ಚಪ್ಪಟೆ ಬೂಟಿನಲ್ಲಿ ಗಂಡಸರಿಗೂ ನಮಗೂ ಅಂತರ ಬಹಳ ಕಡಿಮೆ, ಆದರೆ ಪೂರ್ತಿ ಹೋಗಿರಲಿಲ್ಲ. ಹೆಸರು, ನಂಬರು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಮುಂದಿನ ಯೂನಿಫಾರ್ಮಿನ ಜೊತೆ ನಮಗೂ ಚಪ್ಪಟೆ ಬೂಟು ಕೊಟ್ಟರು. ಉರಿ ಅರ್ಧಕ್ಕರ್ಧ ಇಳಿಯಿತು.

ಮ್ಯಾನೇಜರು ಒಮ್ಮೆ ಕೌಂಟರಿನ ಬಳಿ ನಿಂತು, ಈಗ ಕಾಲು ನೋಯುವುದಿಲ್ಲವಲ್ಲ ಎಂದು ವಿಚಾರಿಸಿದರು. ಇಲ್ಲ ಸರ್ ಎಂದೆ. ಅದೇ ವಾರ ಲಿನನ್ ರೂಮಿಗೆ ಬೀಗ ಬಿತ್ತು. ಚಾದರ ಕಳವಾಗುತ್ತಿವೆ ಎಂದು ಕಾರಣ ಕೊಟ್ಟರು. ನಾನು ಹುಡುಗಿಗೆ ಫೋನ್ ಮಾಡಿದೆ. ಯಾರು ಕೂತರೆಂದು ಮ್ಯಾನೇಜರಿಗೆ ಏನೂ ಕೊಟ್ಟಿಲ್ಲ ಎಂದು ತಾಯಿಯ ಮೇಲೆ ಆಣೆ ಇಟ್ಟಳು. ಅವಳನ್ನು ನಂಬಿದೆ. ಚಾದರದ ಮಾತನ್ನು ಇನ್ನೂ ನಂಬಿಲ್ಲ.