ಹಳದಿ ದೀಪಕ್ಕೊಂದು ಕೆಂಪು ಬೊಟ್ಟು

ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಾಗ ಅದರ ಮೇಲೆ ಅಮ್ಮನ ಸ್ಟಿಕರ್ ಬೊಟ್ಟು ತಂದು ಅಂಟಿಸಿದವನು ನಾನೇ. ಮೊದಲಿಗೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ದೊಡ್ಡ ಸೈಜಿನ ಕೆಂಪು ಬೊಟ್ಟು. ಕಾರಿಗೆ ಮುತ್ತೈದೆಯ ಕಳೆ ಬಂದಿತ್ತು. ಈ ಚಿಕಿತ್ಸೆ ನಾನು ಕಂಡುಹಿಡಿದದ್ದಲ್ಲ. ಥರ್ಮಾಮೀಟರನ್ನು ಬೀರುವಿನಲ್ಲಿ ಬಚ್ಚಿಟ್ಟು ಮನೆಯಲ್ಲಿ ಯಾರಿಗೂ ಜ್ವರವಿಲ್ಲ ಎನ್ನುತ್ತಿದ್ದ ಅಜ್ಜಿಯ ಕಡೆಯಿಂದ ಬಂದದ್ದು.

ಆ ದೀಪದಲ್ಲಿರುವುದು ಎಂಜಿನ್ನಿನ ಚಿತ್ರವಂತೆ. ನಮ್ಮೂರು ಅಕ್ಕೂರಿನಲ್ಲಿ ಯಾರಿಗೆ ತೋರಿಸಿದರೂ ಅದು ಪಂಪ್‌ಸೆಟ್ಟು. ಅಪ್ಪ ಮೊದಲ ದಿನ ನೋಡಿ, "ಕಾರ್‌ನಾಗೂ ತ್ರೀ ಫೇಸ್ ಬಂದೈತೆ ಕಣ್ಲಾ" ಅಂದು ನಕ್ಕಿದ್ದ. ನಗು ಹೋದದ್ದು ಪೆಟ್ರೋಲು ಹೋಗತೊಡಗಿದ ಮೇಲೆ.

ನಮ್ಮದು ರೇಷ್ಮೆ ಸಾಕುವ ಮನೆ. ಅಮ್ಮ ಹುಳದ ಮನೆಯ ಬಾಗಿಲಲ್ಲಿ ನಿಂತು, ಹುಳ ಸೊಪ್ಪು ಮೇಯುವ ಸದ್ದನ್ನು ಕೇಳಿಯೇ ಅವುಗಳ ಆರೋಗ್ಯ ಹೇಳುತ್ತಾಳೆ. ಚೆನ್ನಾಗಿದ್ದರೆ ಸೋನೆ ಮಳೆ ಹಿಡಿದ ಹಾಗಿರುತ್ತದೆ ಆ ಸದ್ದು. ಕಷ್ಟವೇನೆಂದರೆ, ಹುಳ ಕಡಿಮೆ ತಿಂದರೆ ರೋಗ, ಕಾರು ಹೆಚ್ಚು ತಿಂದರೆ ರೋಗ. ಒಂದೇ ಮನೆಯಲ್ಲಿ ಎರಡು ವೈದ್ಯಶಾಸ್ತ್ರ.

ಅಪ್ಪನ ಪ್ರಕಾರ ಕಾರಿಗೆ ರೋಗವೇ ಇರಲಿಲ್ಲ. "ಕಾರ್ ಕುಡೀತಿಲ್ಲ ಕಣೇ. ನಿನ್ ಮಗ ಕದ್ದು ಸುತ್ತತಾವ್ನೆ" ಎಂದು ಅಮ್ಮನಿಗೆ ವರದಿ ಒಪ್ಪಿಸಿದ. ಓಡಿದ ಕಿಲೋಮೀಟರು ತೋರಿಸುವ ಪುಟ್ಟ ಪರದೆ ಎರಡು ವರ್ಷದಿಂದ ಕುರುಡಾಗಿತ್ತು. ನನ್ನ ಪರ ಇದ್ದ ಒಬ್ಬನೇ ಸಾಕ್ಷಿ ಅದು. "ಈ ಬೆಳೆ ಗೂಡು ರಾಮನಗರದ ಮಾರ್ಕೆಟ್‌ಗೆ ಹೋಗ್ಲಿ. ಹಿಂದ್ಗುಂಟ ಕಾರೂ ಹೋಯ್ತದೆ. ಬೇರೆಯೋರ್ ಮನೆಗೆ" ಅಂದ.

ನಾನು ಎಲ್ಲಿಗೂ ಸುತ್ತಿರಲಿಲ್ಲ. ಹಾಗಂತ ಹೇಳಿದೆ ಕೂಡ. ಆದರೆ ನನ್ನ ಹಾಗೆ ಕಂಡವರ ಮಿಮಿಕ್ರಿ ಮಾಡುವವನು ಸ್ವಂತ ಧ್ವನಿಯಲ್ಲಿ ಮಾತಾಡಿದರೆ ಜನ ಇದು ಯಾರದಪ್ಪಾ ಎಂದು ಯೋಚಿಸುತ್ತಾರೆ. ತಪ್ಪು ಜನರದಲ್ಲ. ಹಿಂದೊಮ್ಮೆ ಅಪ್ಪನ ಧ್ವನಿಯಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿಗೆ ಫೋನು ಮಾಡಿ ಊಟಕ್ಕೆ ಕರೆದಿದ್ದೆ. ಅವರು ಹೆಂಡತಿ ಸಮೇತ ಬಂದರು. ಆವತ್ತು ನಮ್ಮ ಮನೆಯಲ್ಲಿ ಇದ್ದದ್ದು ಸೊಪ್ಪು ಬೇಯಿಸಿ ಬಸಿದ ಬರೀ ಉಪ್ಪೆಸರು.

ಕೊನೆಗೆ ಕಾರು ತೋರಿಸಿಕೊಂಡು ಬರಲು ಅಪ್ಪ ಕಸಿದಿಟ್ಟುಕೊಂಡಿದ್ದ ಕೀ ಒಂದು ದಿನದ ಮಟ್ಟಿಗೆ ಸಿಕ್ಕಿತು. ಚನ್ನಪಟ್ಟಣದಲ್ಲಿ, ಬೊಂಬೆ ಮಾಡುವವರ ಶೆಡ್ಡಿನ ಪಕ್ಕ ಅಪ್ಸರ್ ಭಾಯ್ ಅವರ ಗ್ಯಾರೇಜಿದೆ. ಮೂವತ್ತು ವರ್ಷದಿಂದ ಎಂಜಿನ್ನುಗಳ ಗೊಣಗಾಟ ಕೇಳಿಸಿಕೊಂಡು ಬಂದ ಮನುಷ್ಯ. "ಏನಾಗ್ತದೆ, ಹೇಳಪ್ಪ" ಎಂದರು. ಹೇಳುವುದೇಕೆ, ಮಾಡಿಯೇ ತೋರಿಸಿದೆ. ಏರಿನಲ್ಲಿ ಏದುಸಿರು, ಗೇರು ಬದಲಿಸುವಾಗ ನರಳಾಟ, ಸಿಗ್ನಲ್ಲಿನಲ್ಲಿ ಕೆಮ್ಮು. ಬೊಂಬೆ ಶೆಡ್ಡಿನವರು ಕೆಲಸ ಬಿಟ್ಟು ಬಂದು ನಿಂತರು. ಜನ ಸೇರಿದ ಮೇಲೆ ನಾನು ಸುಮ್ಮನಿರುವವನೇ? ಕಾರಿಗೆ ಇಲ್ಲದ ಎರಡು ರೋಗವನ್ನೂ ಸೇರಿಸಿದೆ. ಭಾಯ್ ಕಣ್ಣು ಮುಚ್ಚಿ ಕೇಳಿ, "ಗೇರ್ ಬಾಕ್ಸ್ ಇಳಿಸ್ಬೇಕು" ಎಂದು ತೀರ್ಪು ಕೊಟ್ಟರು. ಆಮೇಲೆ ಕಾರನ್ನೇ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಕಿವಿಗೊಟ್ಟರು.

"ಅರೆ, ಗಾಡಿ ನಿನ್ನಷ್ಟು ಚೆನ್ನಾಗಿ ಕೂಗ್ತಾ ಇಲ್ವಲ್ಲೋ. ನೀನ್ ಒಸಿ ಬಾಯ್ ಮುಚ್ಕೊಂಡ್ ನಿಂತ್ಕೋ. ಅದು ಹೇಳ್ಲಿ."

ಬೊಟ್ಟು ಕಿತ್ತು ನನ್ನ ಹಣೆಗೇ ಅಂಟಿಸಿದರು. ಸ್ಟೇರಿಂಗಿನ ಕೆಳಗೆ ಕಾರಿನ ದೋಷ ಓದುವ, ಬೆಂಕಿಪೆಟ್ಟಿಗೆಯಷ್ಟಿದ್ದ ಡಬ್ಬಿಯೊಂದನ್ನು ಸಿಕ್ಕಿಸಿ ತಮ್ಮ ಮೊಬೈಲು ನೋಡಿದರು. ಆಕ್ಸಿಜನ್ ಸೆನ್ಸರ್ ಎಂದು ಬಂತು. ಹಾಗೆಂದರೆ ಹೊಗೆಯನ್ನು ಮೂಸಿ ನೋಡಿ, ಪೆಟ್ರೋಲು ಹೆಚ್ಚಾಯಿತೋ ಕಮ್ಮಿಯಾಯಿತೋ ಎಂದು ಎಂಜಿನ್ನಿಗೆ ಹೇಳುವ ಮೂಗು. ಬೇರೆಯವರಾಗಿದ್ದರೆ ಅಷ್ಟಕ್ಕೇ ಹೊಸ ಮೂಗು ಹಾಕಿ ಕಳಿಸುತ್ತಿದ್ದರೋ ಏನೋ. ಭಾಯ್ ಟಾರ್ಚ್ ಹಿಡಿದು ವೈರಿನ ಗುಂಟ ಬೆರಳು ಓಡಿಸಿದರು. ಮೂಗು ಸರಿಯಾಗಿಯೇ ಇತ್ತು. ನರ ಕಡಿದುಹೋಗಿತ್ತು, ಹಲ್ಲಿನ ಗುರುತು ಸಮೇತ. ನೆಗಡಿಯಾದವರು ಒಗ್ಗರಣೆಗೆ ನಿಂತರೆ ಇಂಗು ಸಾಲದು, ಇನ್ನಷ್ಟಿರಲಿ ಎಂದು ಸುರಿಯುತ್ತಲೇ ಇರುತ್ತಾರಲ್ಲ, ನಮ್ಮ ಎಂಜಿನ್ನು ಪೆಟ್ರೋಲಿನಲ್ಲಿ ಮಾಡುತ್ತಿದ್ದದ್ದು ಅದೇ.

ಆಮೇಲೆ ಏರ್ ಫಿಲ್ಟರಿನ ಡಬ್ಬಿ ತೆರೆದರು. ಒಳಗೆ ಬೆಳ್ಳಗೆ, ಮೆತ್ತಗೆ, ತೆಂಗಿನಕಾಯಿ ಗಾತ್ರದ ಹಾಸಿಗೆ. ರೇಷ್ಮೆ ಗೂಡಿನ ಮೇಲಿನ ಬಿಡಿ ಎಳೆಗಳ ಜೂಲನ್ನೆಲ್ಲ ಹೊತ್ತು ತಂದು ಇಲಿ ಮನೆ ಕಟ್ಟಿಕೊಂಡಿತ್ತು. "ನಮ್ ತಾತ ನೂಲು ತೆಗೀತಿದ್ರು" ಅಂದರು ಭಾಯ್, ಒಂದು ಎಳೆ ಹಿಡಿದು ಬೆಳಕಿಗೆ ನೋಡುತ್ತ. "ಅವ್ರೂ ರೇಷ್ಮೆ ಮೇಲೆ ಮಲಗ್ಲಿಲ್ಲ."

ತಪ್ಪು ಯಾರದು ಎಂದು ನನಗೆ ತಕ್ಷಣ ಗೊತ್ತಾಯಿತು. ಹುಳದ ಮನೆಗೆ ಇಲಿ ಬಾರದಂತೆ ಅಮ್ಮ ಸುತ್ತ ಬಲೆ ಬಿಗಿದಿದ್ದಳು. ಹುಳ ಸತ್ತಾವೆಂದು ನಮ್ಮಲ್ಲಿ ಪಾಷಾಣ ಇಡುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಮನೆ ಕಳೆದುಕೊಂಡ ಇಲಿಗೆ ಎರಡು ಹೆಜ್ಜೆಯಾಚೆ, ಜೂಲು ಸುರಿಯುವ ಜಗಲಿಯ ಪಕ್ಕದಲ್ಲೇ, ಬೆಚ್ಚನೆಯ ಕಾರು ನಿಲ್ಲಿಸಿಕೊಟ್ಟವನು ನಾನು. ನೆರಳಿದೆ ಎಂದು.

"ಭಾಯ್, ಅಪ್ಪನಿಗೆ ನೀವೇ ಒಂದ್ ಮಾತು ಹೇಳಿ" ಎಂದೆ. ಅವರು ನನ್ನ ಫೋನಿನಿಂದಲೇ ಮಾಡಿದರು. "ಅಣ್ಣ, ನಾನು ಅಪ್ಸರ್. ನಿಮ್ ಹುಡುಗಂದು ತಪ್ಪಿಲ್ಲ..."

"ಸಾಕ್ ನಿಲ್ಸ್‌ಲಾ" ಎಂದಿತು ಆ ಕಡೆಯ ಧ್ವನಿ. "ಸಾಬ್ರ ಧ್ವನಿ ಚೆನ್ನಾಗ್ ಮಾಡ್ತೀಯ. ಅವ್ರ್ ಕೆಮ್ಮು ಒಂದ್ ಸಾಲ್ದು."

ಫೋನು ಕಟ್ಟಾಯಿತು. ಭಾಯ್ ನಿಜವಾಗಿಯೂ ಕೆಮ್ಮಿದರು. ಮೂವತ್ತು ವರ್ಷದ ಹೆಸರನ್ನು ನಾನು ಒಂದು ನಿಮಿಷದಲ್ಲಿ ಕಳೆದಿದ್ದೆ.

ವೈರು ಬೆಸೆದದ್ದಾಯಿತು, ಫಿಲ್ಟರು ಹೊಸದಾಯಿತು, ದೀಪ ಆರಿತು. ಇಲಿಯ ಹಾಸಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಅದೇ ಹೇಳಲಿ ಎಂದು ಕೀಯ ಜೊತೆಗೆ ಅಪ್ಪನ ಮುಂದಿಟ್ಟೆ. ಅಮ್ಮ ಜೂಲನ್ನು ಬೆರಳಲ್ಲಿ ಉಜ್ಜಿ, "ನಮ್ದೇಯ" ಎಂದಳು. ಅಪ್ಪ ಹಾಸಿಗೆಯನ್ನು ಎತ್ತಿ ತಿರುವಿ ನೋಡಿದ. ಆಮೇಲೆ, ತಪ್ಪಾಯ್ತು ಎಂದು ಹೇಳುವುದಕ್ಕೇ ಇರಬೇಕು, ಭಾಯ್‌ಗೆ ನನ್ನ ಫೋನಿನಿಂದಲೇ ಫೋನು ಹಚ್ಚಿದ.

"ಸಾಬ್ರೇ, ನಾನು ಅಕ್ಕೂರಿಂದ. ಕಾರಿನ್ ವಿಸ್ಯ..."

"ಬೇಟಾ, ನಿಮ್ಮಪ್ಪನ್ ಧ್ವನಿ ಬೇರೆ ಮಾಡ್ತೀಯಾ" ಎಂದರು ಭಾಯ್, "ಇಡೋ ಫೋನು."

ಅಪ್ಪ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಸ್ವಂತ ಧ್ವನಿಯಲ್ಲಿ ನಿಜ ಹೇಳಿಯೂ ನಂಬಿಸಲಾಗದವನ ಮುಖ ಹೇಗಿರುತ್ತದೆ ಎಂದು ಆವತ್ತು ನೋಡಿದೆ. ಎಷ್ಟೋ ಸಲ ಕನ್ನಡಿಯಲ್ಲಿ ನೋಡಿದ್ದ ಮುಖವೇ. ಅದನ್ನು ಮಿಮಿಕ್ರಿ ಮಾಡಬೇಕು ಎಂದು ಮಾತ್ರ ನನಗೆ ಅನ್ನಿಸಲಿಲ್ಲ.

ಅಪ್ಪ ಮೆಲ್ಲಗೆ ಎದ್ದು ಕಾರಿನ ಕೀಯನ್ನು ನನ್ನ ಕಡೆ ತಳ್ಳಿದ. "ಸುಕ್ರವಾರ ಗೂಡು ನೀನೇ ತಕೊಂಡೋಗು" ಅಂದ. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ನೋಡಿದ.

"ಇದು ನಾನೇ ಯೋಳ್ತಿರೋದು ಕಣ್ಲಾ."