ಸೆರಗಿನ ಕೆಂಪು

ಎಂಬತ್ತರ ದಶಕದ ಕೊನೆಯಲ್ಲಿ ನಾವು ಮಸ್ಕಿಯಲ್ಲಿದ್ದೆವು. ನನ್ನವರು ದಿನಾ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಹೈಸ್ಕೂಲ್ ಮಕ್ಕಳಿಗೆ ಹೂಜಿ, ಬಾಳೆಹಣ್ಣಿನ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಒಂದು ಬೇಸಿಗೆ ಪೂರ್ತಿ, ತಮಗಾಗಿ, ಪಡಸಾಲೆಯ ಗೋಡೆ ತುಂಬುವಷ್ಟು ದೊಡ್ಡದೊಂದು ಚಿತ್ರ ಬರೆದರು. ಅದರಲ್ಲಿ ಮರ, ಮನೆ, ಮನುಷ್ಯರು ಏನೂ ಇರಲಿಲ್ಲ. ಕಪ್ಪು, ಕಾವಿ, ನೀಲಿ. ಚೆಲ್ಲಿದ್ದು, ಕೆರೆದದ್ದು, ಮತ್ತೆ ಬಳಿದದ್ದು. ಆಬ್‌ಸ್ಟ್ರ್ಯಾಕ್ಟ್.

ಮುಗಿದ ದಿನ ಸಿಂಧನೂರಿನಿಂದ ಅವರ ಗೆಳೆಯ, ರೈಸ್ ಮಿಲ್ಲಿನವರು, ನೋಡಲು ಬಂದರು. ದೂರ ನಿಂತರು, ಹತ್ತಿರ ಹೋದರು.

"ಮಾಸ್ತರ, ನನಗೇನೂ ತಿಳಿಯಂಗಿಲ್ಲ. ಆದ್ರ ಈ ಕೆಂಪು ಎಳದೀರಲ್ಲ, ಎದಿ ಝಲ್ ಅಂತೈತಿ ನೋಡ್ರಿ."

ಕೆಳಮೂಲೆಯ ಕಪ್ಪಿನ ಮೇಲೆ ಹಾದುಹೋದ ಗೀರು ಅದು. ನನ್ನವರ ಮುಖ ಅರಳಿತು. ಅವರ ಸ್ವಂತ ಕೆಲಸವನ್ನು ಒಬ್ಬರು ನಿಂತು ನೋಡಿದ್ದು ಅದೇ ಮೊದಲು. "ಹೆಂಗ ಬಂತೋ ನನಗೂ ಗೊತ್ತಿಲ್ಲ. ಕೈ ತಾನ ಓಡೇತಿ," ಎಂದರು.

ನನಗೆ ಗೊತ್ತಿತ್ತು. ಹಿಂದಿನ ದಿನ ಚಹಾ ಕೊಟ್ಟು ತಿರುಗುವಾಗ ನನ್ನ ಸೆರಗು ಪ್ಯಾಲೆಟ್ಟಿನ ಕೆಂಪಿನಲ್ಲಿ ಅದ್ದಿ, ಹಸಿ ಬಣ್ಣದ ಮೇಲೆ ಸವರಿಕೊಂಡು ಬಂದಿತ್ತು. ತಪ್ಪಾದರೆ ಕೂಡಲೇ ಸಾರಿ ಹೇಳು, ಮನಸ್ಸು ಹಗುರಾಗುತ್ತದೆ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ಮಿಲ್ಲಿನವರ ಎದುರಿಗೇ ಹೇಳಿಬಿಟ್ಟೆ.

"ಸಾರಿ ರೀ, ಅದು ನನ್ನ ಸೆರಗು ತಾಗಿದ್ದು."

"ಹಂಗಾರ ಸಹಿ ನೀವ ಮಾಡ್ರಿ ವೈನಿ!" ಮಿಲ್ಲಿನವರು ಹೊಟ್ಟೆ ಹಿಡಿದು ನಕ್ಕರು. ನನ್ನವರೂ ನಕ್ಕರು.

ಆಮೇಲೆ ಯಾರೇ ಬರಲಿ, "ಛಲೋ ಭಾಗ ನಮ್ಮ ಮನಿಯಾಕಿದು" ಎಂದು ತಾವೇ ಬೆರಳು ತೋರಿಸುತ್ತಿದ್ದರು. ಬಂದವರು ಬಗ್ಗಿ ಗೀರು ನೋಡಿ, ನಕ್ಕು, ಚಹಾ ಕುಡಿದು ಹೋಗುತ್ತಿದ್ದರು. ಉಳಿದ ಗೋಡೆಯಗಲದ ದುಡಿಮೆ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಆನೆಸ್ಟ್ ಆಗಿದ್ದೆ, ನಿಜ. ಆದರೂ ಈ ವಯಸ್ಸಿನಲ್ಲೂ ಗಿಲ್ಟಿ ಅನ್ನಿಸುತ್ತದೆ.

ಒಂದು ಮಧ್ಯಾಹ್ನ ಸ್ಟೂಲ್ ಎಳೆದುಕೊಂಡು, ಆ ಕೆಂಪನ್ನು ಬಿಟ್ಟು, ಮೇಲಿನ ಮೂಲೆಯಿಂದ ನೋಡತೊಡಗಿದೆ. ನೀಲಿಯ ಅಡಿಯಲ್ಲಿ ಕಾವಿ ಇಣುಕುತ್ತಿತ್ತು. ಒಂದು ಕಡೆ ಬ್ರಷ್ ಬಿಟ್ಟು ಹೆಬ್ಬೆರಳಿನಿಂದ ಒತ್ತಿದ್ದರು. ಬೆರಳಿನ ಗೆರೆಗಳು ಹಾಗೆಯೇ ಒಣಗಿದ್ದವು. ಕಪ್ಪಿನೊಳಗೆ ಭತ್ತದ ಸಸಿಯ ಹಸಿರು, ಕೂದಲೆಳೆಯಷ್ಟೇ. ದಿನಾ ಇದರ ಮುಂದೆಯೇ ಕಸ ಹೊಡೆದವಳು, ನಾನೂ ನೋಡಿರಲಿಲ್ಲ.

ಸಂಜೆ ಅವರು ಬರುತ್ತಲೇ ಹೇಳಿದೆ: "ಆ ಕರಿ ಒಳಗ ಎಷ್ಟು ಚಂದ ಹಸಿರು ಇಟ್ಟೀರಿ!"

"ಹೌದಾ? ಅದು ಯಾವ ಸೀರೀದು?"

ತಮಾಷೆಗೇ ಕೇಳಿದ್ದು. ಚಪ್ಪಲಿ ಬಿಟ್ಟು, ಗೋಡೆಯ ಕಡೆ ತಿರುಗದೆ, ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು.