ಕ್ಯಾಮೆರಾ ನೋಡದ ಹದಿನಾಲ್ಕು ಫೋಟೊಗಳು

ಕೊರೊನಾ ಕಳೆದು ಎರಡನೆಯ ವರ್ಷ. ಹೊಸಪೇಟೆಯಲ್ಲಿ ಇಪ್ಪತ್ತಾರು ವರ್ಷ ನಡೆಸಿದ ಫೋಟೊ ಸ್ಟುಡಿಯೊ ಮುಚ್ಚಿ, ಮಲಪನಗುಡಿಯ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಮತ್ತು ಡ್ರಾಯಿಂಗ್ ಟ್ಯಾಬ್ಲೆಟ್ ಇಟ್ಟುಕೊಂಡು ನಾನು ಹೊಸ ಕೆಲಸಕ್ಕೆ ಇಳಿದಿದ್ದೆ. ಆಗ ನನಗೆ ಐವತ್ತೊಂದು ವರ್ಷ. ಮದುವೆ ಆಲ್ಬಮ್ಮುಗಳಲ್ಲಿ ಮುಖ ತಿದ್ದಿ ತಿದ್ದಿ ಕೈ ಪಳಗಿತ್ತು. ಅದೇ ಕೈ ಈ ಕೆಲಸಕ್ಕೂ ಒದಗಿತು.

ಕೆಲಸ ಏನೆಂದು ಮೊದಲು ಹೇಳಬೇಕು. ಇಂಟರ್‌ನೆಟ್ಟಿನಲ್ಲಿ ಲೈವ್ ಬಂದು ಗೇಮ್ ಆಡುವ, ಹರಟೆ ಹೊಡೆಯುವ ಕೆಲವರು ತಮ್ಮ ಮುಖ ತೋರಿಸುವುದಿಲ್ಲ. ಅವರ ಬದಲಿಗೆ ಪರದೆಯ ಮೇಲೆ ಒಂದು ಚಿತ್ರ ಮಾತಾಡುತ್ತದೆ. ಅವರು ನಕ್ಕರೆ ಅದು ನಗುತ್ತದೆ, ಕಣ್ಣು ಮಿಟುಕಿಸಿದರೆ ಅದೂ ಮಿಟುಕಿಸುತ್ತದೆ. ಇದನ್ನು ಅವತಾರ್ ಎನ್ನುತ್ತಾರೆ. ಚಿತ್ರಕ್ಕೆ ಚಲನೆ ಕೊಡುವವನು ರಿಗ್ಗರ್. ಅವನಿಗೆ ಬೇಕಾದ ಹಾಗೆ ಚಿತ್ರವನ್ನು ಬಿಡಿಬಿಡಿಯಾಗಿ ಬರೆದುಕೊಡುವವನು ನಾನು. ಒಂದೇ ಹಾಳೆಯ ಚಿತ್ರ ಇಲ್ಲಿ ನಡೆಯುವುದಿಲ್ಲ. ಮುಂಗೂದಲು ಒಂದು ಲೇಯರ್, ಹಿಂಗೂದಲು ಇನ್ನೊಂದು, ರೆಪ್ಪೆ, ಕಣ್ಣಿನ ಬಿಳಿ, ಕಪ್ಪು, ಮೇಲ್ದುಟಿ, ಕೆಳದುಟಿ, ಹಲ್ಲು, ನಾಲಿಗೆ ಎಲ್ಲವೂ ಬೇರೆ ಬೇರೆ. ತಲೆ ತಿರುಗಿದಾಗ ಕೂದಲು ಸರಿದರೆ ಅದರಡಿಯ ಕಿವಿ ಕಾಣಬೇಕು. ಹೀಗಾಗಿ ಮುಚ್ಚಿಕೊಂಡಿರುವುದನ್ನೆಲ್ಲ ನಾನು ಮೊದಲೇ ಬರೆದಿಟ್ಟಿರಬೇಕು.

ಆ ವರ್ಷ ಫೆಬ್ರುವರಿಯಲ್ಲಿ ಸಂಡೂರಿನವನೆಂದು ಹೇಳಿಕೊಂಡ ಒಬ್ಬ ಮೆಸೇಜ್ ಕಳಿಸಿದ. ತನ್ನ ತಂಗಿ ಲೈವ್ ಶುರು ಮಾಡುತ್ತಾಳೆ, ಅವಳದೇ ಮುಖದ ಅವತಾರ್ ಬೇಕು ಎಂದ. ಸಾಮಾನ್ಯವಾಗಿ ಜನ ತಮ್ಮ ಮುಖ ಅಡಗಿಸಲೆಂದೇ ಅವತಾರ್ ಮಾಡಿಸುತ್ತಾರೆ. ಇವನು ಮಾತ್ರ ಹೋಲಿಕೆ ಒಂದಿಷ್ಟೂ ತಪ್ಪಬಾರದೆಂದು ಒತ್ತಿ ಹೇಳಿದ. ನನಗೆ ಅದು ವಿಚಿತ್ರವೆನಿಸಬೇಕಿತ್ತು, ಎನಿಸಲಿಲ್ಲ. ಹೋಲಿಕೆ ತರುವುದೇ ನನ್ನ ಹೆಮ್ಮೆಯಾಗಿತ್ತು.

ಕಳಿಸಿದ ಎರಡು ಫೋಟೊ ನೋಡಿ ಹನ್ನೆರಡು ದಿನದಲ್ಲಿ ಎದುರುಮುಖ ಬರೆದೆ. ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗಿ. ಎಡಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಸಣ್ಣ ಗೆರೆ. ಅವನು ಒಪ್ಪಿದ. ಆಮೇಲೆ ಎಲ್ಲ ಗಿರಾಕಿಗಳಿಗೂ ಕಳಿಸುವ ಪಟ್ಟಿಯನ್ನು ಅವನಿಗೂ ಕಳಿಸಿದೆ: ಕೂದಲು ಹಿಂದೆ ಕಟ್ಟಿ ಕಿವಿ ಕಾಣುವಂತೆ ಒಂದು ಫೋಟೊ, ಎರಡೂ ಪಕ್ಕದಿಂದ ಒಂದೊಂದು, ಬಾಯಿ ತೆರೆದದ್ದು, ಹಲ್ಲು ಕಾಣುವಂತೆ ನಕ್ಕದ್ದು, ಕಣ್ಣು ಪೂರ್ತಿ ಮುಚ್ಚಿದ್ದು. ತಂಗಿ ಮನೆಯಲ್ಲೇ ಇದ್ದರೆ ಹತ್ತು ನಿಮಿಷದ ಕೆಲಸ. ಅವನು ನಾಲ್ಕು ದಿನ ತೆಗೆದುಕೊಂಡು ಹದಿನಾಲ್ಕು ಫೋಟೊ ಕಳಿಸಿದ.

ಅವನ್ನು ಇಟ್ಟುಕೊಂಡು ತಲೆಯ ಭಾಗದ ಎಂಬತ್ತಾರು ಲೇಯರ್ ಮುಗಿಸಿ ಫೈಲ್ ಅವನಿಗೆ ಕಳಿಸಿಬಿಟ್ಟೆ. ಮುಚ್ಚಿದ ರೆಪ್ಪೆ ಮಾತ್ರ ಉಳಿದಿತ್ತು. ಮರುದಿನ ಬೆಳಿಗ್ಗೆ ಅದಕ್ಕೆಂದು ಕಣ್ಣು ಮುಚ್ಚಿದ ಫೋಟೊವನ್ನು ದೊಡ್ಡದು ಮಾಡಿದೆ. ತಲೆಯ ಹಿಂದೆ ಬಸ್ಸಿನ ಕಿಟಕಿ ಇತ್ತು. ಕಿಟಕಿಯ ಸರಳು ಒತ್ತಿ ಕೆನ್ನೆಯ ಮೇಲೆ ಗುರುತು ಮೂಡಿತ್ತು. ಬೇಕೆಂದು ಕಣ್ಣು ಮುಚ್ಚಿದವರ ರೆಪ್ಪೆ ಬಿಗಿದಿರುತ್ತದೆ. ಇವಳ ರೆಪ್ಪೆ ಸಡಿಲವಾಗಿತ್ತು, ತುಟಿ ಸ್ವಲ್ಪ ತೆರೆದಿತ್ತು. ಅವಳು ನಿದ್ದೆ ಮಾಡುತ್ತಿದ್ದಳು.

ಹದಿನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದೆ. ಬಾಯಿ ತೆರೆದದ್ದು ಮಿರ್ಚಿ ಕಚ್ಚುವಾಗ. ಕಿವಿ ಕಂಡದ್ದು ತುರುಬು ಕಟ್ಟುವಾಗ. ನಕ್ಕದ್ದು ಬೇರೆ ಯಾರದೋ ಮಾತಿಗೆ. ಇಷ್ಟು ವರ್ಷ ಕ್ಯಾಮೆರಾ ಹಿಂದೆ ನಿಂತವನು ನಾನು. ಫೋಟೊ ತೆಗೆಯುತ್ತಿದ್ದಾರೆಂದು ಗೊತ್ತಿರುವವರ ಮುಖ ಹೇಗಿರುತ್ತದೆ, ಗೊತ್ತಿಲ್ಲದವರದು ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದರಲ್ಲೂ ಅವಳು ಕ್ಯಾಮೆರಾ ನೋಡಿರಲಿಲ್ಲ.

ಆದರೂ ಗಟ್ಟಿ ಮಾಡಿಕೊಳ್ಳಲೆಂದು, ನಿಮ್ಮ ತಂಗಿಯ ಜೊತೆ ಎರಡು ಮಾತಾಡಬೇಕು ಎಂದು ಮೆಸೇಜ್ ಮಾಡಿದೆ. ಸಂಜೆ ಆ್ಯಪ್ ಮೂಲಕವೇ ಕರೆ ಬಂತು. ಹೆಣ್ಣುಧ್ವನಿ, ನಯವಾದ ಮಾತು. ಮಾತಿನ ನಡುವೆ ಆ ಕಡೆ ಒಂದು ಲಾರಿ ಹಾರ್ನ್ ಹೊಡೆಯಿತು. ಲಾರಿಯ ಹಾರ್ನ್ ನನ್ನ ಕಿವಿಗೆ ಮಕ್ಕಳ ಪೀಪಿಯಂತೆ ಕೇಳಿಸಿತು. ಗಂಡುಧ್ವನಿಯನ್ನು ಹೆಣ್ಣುಧ್ವನಿ ಮಾಡುವ ಸಾಫ್ಟ್‌ವೇರ್ ಪಕ್ಕದ ಸದ್ದನ್ನೂ ಬಿಡದೆ ಸಣ್ಣಗೆ ಮಾಡುತ್ತದೆ. ಮಾತಾಡುತ್ತಿದ್ದವನು ಅವನೇ. ಆ ಹುಡುಗಿಯ ಮುಖ ಹೊತ್ತು, ಹೆಣ್ಣಿನ ದನಿಯಲ್ಲಿ ಸಾವಿರ ಜನರ ಮುಂದೆ ಮಾತಾಡಲು ಹೊರಟಿದ್ದ. ಆ ಮುಖದ ಎಂಬತ್ತಾರು ತುಂಡುಗಳನ್ನು ನಾನೇ ಅವನ ಕೈಗಿಟ್ಟಿದ್ದೆ.

ನನ್ನ ಹೆಂಡತಿ ಸುಮಿತ್ರಾ ಆಶಾ ಕಾರ್ಯಕರ್ತೆ. ಎಲ್ಲವನ್ನೂ ಕೇಳಿ, "ಮದ್ಲ ಆ ಹುಡುಗಿಗೆ ಗೊತ್ತಾಗ್ಬೇಕು. ಆಕಿಗೆ ತಿಳೀದಂಗ ನಾವೂ ಏನೂ ಮಾಡಬಾರ್ದು," ಎಂದಳು. ಒಂದು ಫೋಟೊದಲ್ಲಿ ಹುಡುಗಿಯ ಹಿಂದಿನ ಗಾಜಿನ ಮೇಲೆ ಪಹಣಿ, ಲ್ಯಾಮಿನೇಶನ್, ಕಂಪ್ಲಿ ಎಂಬ ಅಕ್ಷರಗಳಿದ್ದವು. ಭಾನುವಾರ ಇಬ್ಬರೂ ಹೋಗೋಣವೆಂದು ಸುಮಿತ್ರಾ ಹೇಳಿದಳು. ಅಲ್ಲಿಯವರೆಗೆ ಅವಳಿಗೆ ಲಸಿಕೆ ಡ್ಯೂಟಿ ಇತ್ತು. ನನಗೆ ತಡೆಯಲಾಗಲಿಲ್ಲ. ಅವನು ರೆಪ್ಪೆಯ ಲೇಯರ್ ಎಲ್ಲಿ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ. ಗುರುವಾರ ಒಬ್ಬನೇ ಕಂಪ್ಲಿ ಬಸ್ ಹತ್ತಿದೆ. ಅದು ನನ್ನ ಎರಡನೆಯ ತಪ್ಪು.

ನಾಲ್ಕು ಅಂಗಡಿ ನೋಡಿ ಐದನೆಯದಕ್ಕೆ ಹೋದಾಗ ಗಾಜಿನ ಮೇಲಿನ ಅದೇ ಅಕ್ಷರಗಳು ಕಂಡವು. ಜೆರಾಕ್ಸ್ ತೆಗೆಯುವ, ಆನ್‌ಲೈನ್ ಅರ್ಜಿ ಹಾಕಿಕೊಡುವ ಸೆಂಟರ್ ಅದು. ಕೌಂಟರಿನಲ್ಲಿ ಅವಳಿದ್ದಳು. ಆಧಾರ್ ಕಾರ್ಡ್ ಕೊಟ್ಟು ಒಂದು ಪ್ರತಿ ಕೇಳಿದೆ. ಅವಳು ಬಗ್ಗಿದಾಗ ಎಡಹುಬ್ಬಿನ ಗೆರೆ ಕಂಡಿತು. ಅದನ್ನು ನಾನು ಪ್ರತ್ಯೇಕ ಲೇಯರ್ ಮಾಡಿ ಬರೆದಿದ್ದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಹಾರಿಹೋಗಿ, "ಅಮ್ಮಾ, ನಿಮ್ಮ ಫೋಟೊ ನನ್ನ ಫೋನಿನ್ಯಾಗ ಅದಾವು," ಎಂದುಬಿಟ್ಟೆ.

ಅವಳು ಹಿಂದೆ ಸರಿದು ಮಾಲೀಕನನ್ನು ಕೂಗಿದಳು. ವೀರಭದ್ರಪ್ಪ ಎಂದು ಅವರ ಹೆಸರು, ಅರವತ್ತರ ಆಸುಪಾಸಿನ ದಪ್ಪ ಮನುಷ್ಯ. ಬಂದವರೇ ನನ್ನ ಕಾಲರ್ ಹಿಡಿದು ಒಳಗೆಳೆದು ಕುರ್ಚಿಯಲ್ಲಿ ಕೂರಿಸಿದರು. ಅರ್ಜಿ ಹಿಡಿದು ನಿಂತಿದ್ದ ನಾಲ್ಕೈದು ಜನ ಬಾಗಿಲಿಗೆ ಅಡ್ಡ ನಿಂತರು. ಈ ವಯಸ್ಸಿನಲ್ಲಿ ನಾಚಿಕೆ ಇಲ್ಲವೇ ಎಂದು ಒಬ್ಬ ಕೇಳಿದ. ಉತ್ತರ ಕೊಡಲು ನನ್ನಲ್ಲಿ ಇದ್ದದ್ದು ಫೋನ್ ಒಂದೇ. ಲಾಕ್ ತೆಗೆದು ಕೊಟ್ಟೆ. ಸುಮಿತ್ರಾಗೆ ಒಂದು ಕರೆ ಮಾಡಲು ಬಿಡಿರೆಂದು ಕೇಳಿಕೊಂಡೆ. ಬಿಟ್ಟರು; ಅವಳು ಕೂಡಲೇ ಬಸ್ ಹತ್ತುತ್ತೇನೆಂದಳು.

ಹುಡುಗಿಯ ಹೆಸರು ರೇಣುಕಾ. ಮಾಲೀಕರ ಕೈಯಿಂದ ಫೋನ್ ತೆಗೆದುಕೊಂಡು ಅವಳೇ ನೋಡತೊಡಗಿದಳು. ಆ ಸಂಡೂರಿನವನ ಮೆಸೇಜುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ಫೋಟೊ ಒಂದೊಂದಾಗಿ. ಹತ್ತು ನಿಮಿಷ ಆಗಿರಬೇಕು. ಅಷ್ಟೂ ಹೊತ್ತು ವೀರಭದ್ರಪ್ಪ ನನ್ನ ಭುಜದ ಮೇಲಿನ ಕೈ ತೆಗೆಯಲಿಲ್ಲ. ಕೊನೆಗೆ ಅವಳು ಒಂದು ಫೋಟೊ ಹಿಡಿದುಕೊಂಡು ಅಂಗಡಿಯ ಒಳಮೂಲೆಯ ಟೇಬಲ್ಲಿಗೆ ಹೋಗಿ ಕುಳಿತಳು. ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕೌಂಟರ್ ಕಡೆ ನೋಡಿದಳು.

"ಇದು ಇಲ್ಲಿಂದ ತಗದದ್ರಿ," ಎಂದಳು. "ಇಲ್ಲಿ ಕುಂದ್ರೋರು ಮೂರೇ ಮಂದಿ. ನಾನು, ನೀವು, ಮಂಜುನಾಥಣ್ಣ."

ಮಂಜುನಾಥ ವೀರಭದ್ರಪ್ಪನವರ ತಂಗಿಯ ಮಗ. ಸಂಡೂರಿನವನು. ಅಂಗಡಿಯ ಕಂಪ್ಯೂಟರುಗಳನ್ನು ಜೋಡಿಸಿಕೊಟ್ಟವನೂ ಅವನೇ. ಆಗಾಗ ಬಂದು ಸಾಫ್ಟ್‌ವೇರ್ ನೋಡಿಕೊಂಡು ಹೋಗುತ್ತಿದ್ದ. ನಾಲಿಗೆ ಬಿಗಿಹಿಡಿದು ಮಾತಾಡೆಂದು ಮಾಲೀಕರು ರೇಣುಕಾಳಿಗೆ ಹೇಳಿದರು. ಅವಳು ದನಿ ಏರಿಸಲಿಲ್ಲ. ಹಿಂದಿನ ವಾರ ಸಂಡೂರಿನ ಅಕ್ಕನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಮಂಜುನಾಥ ಸಿಕ್ಕಿದ್ದನೆಂದೂ ಕಿಟಕಿಯ ಸೀಟು ಅವನೇ ಬಿಟ್ಟುಕೊಟ್ಟನೆಂದೂ ಹೇಳಿದಳು. ಫೋಟೊದಲ್ಲಿದ್ದದ್ದು ಅವತ್ತಿನದೇ ಚೂಡಿದಾರ.

ವೀರಭದ್ರಪ್ಪ ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಆಗ ನಾನು, ಒಂದು ಕರೆ ಮಾಡುತ್ತೇನೆ, ನೀವೇ ಕೇಳಿ ಎಂದೆ. ಕಣ್ಣಿನ ಲೇಯರ್ ಬಗ್ಗೆ ಅನುಮಾನವಿದೆ, ತಂಗಿಯನ್ನು ಕರೆಯಿರಿ ಎಂದು ಮೆಸೇಜ್ ಹಾಕಿದೆ. ಸರಿ ಎಂದು ಬಂತು. ಸ್ಪೀಕರ್ ಹಾಕಿ ಫೋನನ್ನು ಕೌಂಟರ್ ಮೇಲಿಟ್ಟೆ. ಮೂರನೆಯ ರಿಂಗಿಗೆ ಹೆಣ್ಣುಧ್ವನಿ ಬಂತು: "ಹೇಳ್ರಿ ಸರ್."

ವೀರಭದ್ರಪ್ಪ ಬಗ್ಗಿದರು. "ಲೇ ಮಂಜ್ಯಾ, ನಾನಲೇ."

ಕರೆ ಕೂಡಲೇ ಕಟ್ ಆಗಲಿಲ್ಲ. ನಾಲ್ಕೈದು ಸೆಕೆಂಡು ಉಸಿರಿನ ಸದ್ದು ಮಾತ್ರ, ಅದೂ ಸಣ್ಣಗೆ, ಹೆಂಗಸಿನ ಉಸಿರಿನಂತೆ. ಆಮೇಲೆ ನಿಂತಿತು. ಒಂದು ನಿಮಿಷವೂ ಆಗಿರಲಿಲ್ಲ, ವೀರಭದ್ರಪ್ಪನವರ ಅಂಗಿಯ ಜೇಬಿನ ಫೋನ್ ರಿಂಗಾಯಿತು. ತೆಗೆದು ನೋಡಿ ಕೌಂಟರ್ ಮೇಲಿಟ್ಟರು. ಮಂಜು ಎಂಬ ಹೆಸರು ಎಲ್ಲರಿಗೂ ಕಂಡಿತು. ಫೋನ್ ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ರಿಂಗಾಯಿತು. ಅವರು ಎತ್ತಲಿಲ್ಲ.

ಸುಮಿತ್ರಾ ಬರುವ ಹೊತ್ತಿಗೆ ಬಾಗಿಲಲ್ಲಿದ್ದ ಜನ ಹೋಗಿದ್ದರು. ಮಾಲೀಕರ ದನಿ ಇಳಿದಿತ್ತು. ನನ್ನ ತಂಗಿಗೆ ಇವನೊಬ್ಬನೇ ಮಗ, ನಾಳೆ ಕರೆಸಿ ನಿನ್ನ ಮುಂದೆಯೇ ಎಲ್ಲ ಅಳಿಸಿಹಾಕಿಸುತ್ತೇನೆ, ಹೊರಗೆ ಹೋಗುವುದು ಬೇಡ ಎಂದು ರೇಣುಕಾಳನ್ನು ಕೇಳಿಕೊಂಡರು. ಅವಳ ಭಯ ಬೇರೆಯೇ ಇತ್ತು. ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ. ಅವರಿಗೆ ವಿಷಯ ತಿಳಿದರೆ ಮೊದಲು ನಿಲ್ಲುವುದು ತನ್ನ ಕೆಲಸ ಎಂದು ಸುಮಿತ್ರಾಳ ಹತ್ತಿರ ಹೇಳಿಕೊಂಡಳು. ಸುಮಿತ್ರಾ ಏನೂ ಸಲಹೆ ಕೊಡಲಿಲ್ಲ, ಪಕ್ಕದಲ್ಲಿ ಕುಳಿತಳು ಅಷ್ಟೆ. ರೇಣುಕಾ ಮಾಲೀಕರ ಕಡೆ ತಿರುಗಿದಳು.

"ನಾ ದಿನಾ ಮಂದಿ ಅರ್ಜಿ ಹಾಕ್ತೀನ್ರಿ. ಅಕ್ನಾಲೆಜ್‌ಮೆಂಟ್ ಇಲ್ದ ಒಬ್ಬರನ್ನೂ ಹೊರಗ ಕಳಿಸಿಲ್ಲ. ನನಗೂ ಒಂದು ಸೀಲ್ ಇರೋ ಕಾಗದ ಬೇಕು."

ತನ್ನ ಕೌಂಟರಿನಲ್ಲೇ ಕುಳಿತು ತನ್ನ ದೂರನ್ನು ತಾನೇ ಟೈಪ್ ಮಾಡಿದಳು. ಎಷ್ಟು ಲೇಯರ್, ಯಾವತ್ತು ಕಳಿಸಿದ್ದು, ಯಾವ ಫೋಟೊ ಎಲ್ಲಿಯದು ಎಂದು ನನ್ನನ್ನು ಕೇಳಿ ಕೇಳಿ ಹಾಕಿದಳು. ಚಿತ್ರ ಬರೆದವರು ನೀವೇ ಎಂದು ಹೆಸರು ಹಾಕಲೇ ಎಂದಳು. ಹಾಕು ಎಂದೆ. ವೀರಭದ್ರಪ್ಪ ಶಟರ್ ಎಳೆದು ನಮ್ಮ ಹಿಂದೆಯೇ ಠಾಣೆಯವರೆಗೆ ನಡೆದು ಬಂದರು, ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕುಳಿತರು.

ಎಸ್‌ಐ ಮೊದಲು ವಿಚಾರಿಸಿದ್ದು ನನ್ನನ್ನೇ. ಅನುಮಾನ ಬಂದ ದಿನವೇ ಯಾಕೆ ಬರಲಿಲ್ಲ, ಹುಡುಗಿ ಯಾರೆಂದು ಕೇಳದೆ ಯಾಕೆ ಬರೆದಿರಿ ಎಂದು ಎರಡು ಗಂಟೆ ಕೇಳಿದರು. ನಾನೂ ಆರೋಪಿಯಾಗುತ್ತೇನೆಂದೇ ಅಂದುಕೊಂಡಿದ್ದೆ. ಹೊರಬಂದು ಬೆಂಚಿನ ಮೇಲೆ ಕುಳಿತಾಗ ರೇಣುಕಾ ಅಲ್ಲಿದ್ದಳು. ನನ್ನ ಕಡೆ ನೋಡದೆಯೇ ಕೇಳಿದಳು.

"ಕಣ್ಣು ಮುಚ್ಚಿದ ಫೋಟೊ ಬೇಕು ಅಂತ ನೀವು ಬರದದ್ದು ಶುಕ್ರವಾರ. ನಾ ಸಂಡೂರಿಗೆ ಹೋಗಿದ್ದು ಸೋಮವಾರ. ನೀವು ಕೇಳಿದ್ದಕ್ಕ ಅಲ್ಲೇನ್ರಿ, ಆತ ನನಗ ಕಿಟಕಿ ಸೀಟು ಬಿಟ್ಟಿದ್ದು?"

ಫೋನ್ ತೆಗೆದು ಪಟ್ಟಿ ಕಳಿಸಿದ ದಿನ ನೋಡಿದೆ, ಶುಕ್ರವಾರವೇ.

ಮರುದಿನ ಬೆಳಿಗ್ಗೆ ವೀರಭದ್ರಪ್ಪ ತಾವೇ ಸಂಡೂರಿಗೆ ಹೋಗಿ ಅಳಿಯನನ್ನು ಕರೆತಂದು ಠಾಣೆಗೆ ಒಪ್ಪಿಸಿದರು. ಲ್ಯಾಪ್‌ಟಾಪ್, ಫೋನ್ ಜಪ್ತಿಯಾದವು. ಫೈಲ್ ಇನ್ನೂ ರಿಗ್ಗರ್‌ನ ಕೈಗೆ ಹೋಗಿರಲಿಲ್ಲ. ಆ ಮುಖ ಎಲ್ಲಿಯೂ ಮಾತಾಡಿರಲಿಲ್ಲ. ಪ್ರಕರಣ ಕೋರ್ಟಿನಲ್ಲಿದೆ, ನಾನು ಸಾಕ್ಷಿ. ರೇಣುಕಾಳ ಅಪ್ಪ ಒಂದು ತಿಂಗಳು ಮಗಳ ಜೊತೆ ಮಾತು ಬಿಟ್ಟರಂತೆ. ಅವ್ವ ಮಾತ್ರ ಬುತ್ತಿ ಕಟ್ಟಿಕೊಂಡು ದಿನಾ ಅವಳ ಜೊತೆ ಅಂಗಡಿಗೆ ಬಂದು ಕುಳಿತಿದ್ದು, ಅವಳ ಕೆಲಸ ನಿಲ್ಲಲು ಬಿಡಲಿಲ್ಲ. ಈಗ ಅವಳು ಅದೇ ಊರಿನ ಬೇರೊಂದು ಸೆಂಟರಿನಲ್ಲಿದ್ದಾಳೆ.

ನಾನು ಕೆಲಸ ಬಿಡಲಿಲ್ಲ, ಮಾಡುವ ರೀತಿ ಬದಲಿಸಿದೆ. ಯಾರ ಮುಖವೋ ಅವರು ವಿಡಿಯೊ ಕರೆಯಲ್ಲಿ ಬಂದು, ಇದು ನನ್ನದು, ನನಗೆ ಬೇಕು ಎಂದು ಹೇಳುವವರೆಗೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಪಟ್ಟಿಯನ್ನು ಅವರಿಗೇ ಓದಿ ಹೇಳುತ್ತೇನೆ, ಮಧ್ಯವರ್ತಿಗಳ ಕೈಗೆ ಕೊಡುವುದಿಲ್ಲ. ಎಷ್ಟೊಂದು ವಿಚಾರಣೆ ಎಂದು ಬೇಸತ್ತು ಹೋದ ಗಿರಾಕಿಗಳಿದ್ದಾರೆ. ಹೋಗಲಿ. ಒಳ್ಳೆಯ ಚಿತ್ರ ಬರೆಯುವುದು ನನ್ನ ಹೊಣೆ ಎಂದು ಮೊದಲಿನಿಂದಲೂ ಗೊತ್ತಿತ್ತು. ಅದಕ್ಕಾಗಿ ನಾನು ಕೇಳುವುದನ್ನು ಜನ ಎಲ್ಲಿಂದ, ಹೇಗೆ ತರುತ್ತಾರೆ ಎಂಬುದೂ ನನ್ನ ಹೊಣೆಯೇ ಎಂದು ನನಗೆ ಕಲಿಸಿದ್ದು ಕಂಪ್ಲಿ ಠಾಣೆಯ ಆ ಬೆಂಚು.